ದೊಡ್ಡಮ್ಮನ ಉಸಿರು ಕತ್ತರಿಸಿದ ಕಥೆ

ಹೋದ ತಿಂಗಳು ಮೂಡಿಗೆರೆ ಹತ್ತಿರದ ನಮ್ಮೂರಿಗೆ ಹೋಗಿ ದೊಡ್ಡಮ್ಮನ ಹತ್ತಿರ ನಾಲ್ಕು ಸೋಬಾನೆ ಪದ ಹಾಡಿಸಿಕೊಂಡು ಬಂದೆ. ಸ್ಟುಡಿಯೋ ಗಿಡಿಯೋ ಏನಿಲ್ಲ. ಒಂದು ಮೈಕು, ಅದರ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಆಡಿಯೋ ಇಂಟರ್ಫೇಸ್, ಹಳೇ ಲ್ಯಾಪ್‌ಟಾಪ್. ಹೆಂಚಿನ ಮನೆ, ಹೊರಗೆ ಮಳೆ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಕೂರಿಸಿದೆ, ಬೆನ್ನ ಹಿಂದೆ ಕಂಬಳಿ ಇಳಿಬಿಟ್ಟೆ, ಮಳೆ ನಿಂತಾಗೆಲ್ಲ ಒಂದೊಂದು ಪದ ಹಿಡಿದುಕೊಂಡೆ. (ಗೋಡೆಗೆ ಫೋಮ್ ಅಂಟಿಸೋಕೆ ದುಡ್ಡು ಸುರಿಯುವ ಮೊದಲು ನಿಮ್ಮ ಮನೆ ಬೀರು ತೆರೆದು ನೋಡಿ. ಸೀರೆ ರಾಶಿ ಗೋಡೆಯ ಮಾರ್ದನಿಯನ್ನು ಚೆನ್ನಾಗಿ ನುಂಗುತ್ತದೆ.)

ತಾಳ ತಪ್ಪದಿರಲಿ ಅಂತ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅನ್ನುವ ಕ್ಲಿಕ್ ಕೊಟ್ಟಿದ್ದೆ. ಅರ್ಧ ಸಾಲಿಗೇ ಕಿತ್ತು ಪಕ್ಕಕ್ಕಿಟ್ಟರು. "ಕಿವಿ ಒಳಗೆ ಗಡಿಯಾರ ಇಟ್ಕೊಂಡು ಯಾರಪ್ಪ ಹಾಡ್ತಾರೆ?"

ಚಿಕ್ಕಮಗಳೂರಿಗೆ ವಾಪಸ್ ಬಂದು ಮಿಕ್ಸಿಂಗಿಗೆ ಕೂತೆ. ಇಲ್ಲಿಂದ ಮುಂದಿನ ತಪ್ಪೆಲ್ಲ ನನ್ನದೇ. ಕೈಯಲ್ಲಿ ಸ್ವರ ತಿದ್ದುವ ಪ್ಲಗಿನ್ (ಸಣ್ಣ ಸಾಫ್ಟ್‌ವೇರ್) ಇದೆಯಲ್ಲ ಅಂತ ಪಿಚ್ ಸರಿಪಡಿಸಿದೆ, ಹಾಡನ್ನು ತಾಳದ ಗೆರೆಗೆ ಎಳೆದು ಕೂರಿಸಿದೆ, ಸಾಲುಗಳ ನಡುವಿನ ಉಸಿರೆಲ್ಲ ಒಂದೊಂದಾಗಿ ಕತ್ತರಿಸಿದೆ. ಎರಡು ರಾತ್ರಿ ಹೋಯಿತು. ಫೋನಿಗೆ ಕಳಿಸಿದೆ. ದೊಡ್ಡಮ್ಮ ಕೇಳಿದ್ದು ಒಂದೇ ಮಾತು. "ಚೆನ್ನಾಗ್ ಹಾಡಿದಾಳೆ ಕಣೋ, ಯಾರದು?"

ಯೋಚನೆ ಮಾಡಿದರೆ ಪ್ಲಗಿನ್ ಅದರ ಕೆಲಸವನ್ನೇ ಮಾಡಿದೆ. ಅದರ ಲೆಕ್ಕದಲ್ಲಿ ಒಂದು ಸ್ಥಾಯಿಗೆ ಸಮಾನ ದೂರದ 12 ಮನೆ, ಅಷ್ಟೇ. ದೊಡ್ಡಮ್ಮನ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುದಾರಿಯಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಪ್ಲಗಿನ್ ಕಣ್ಣಿಗೆ ಆ ಜಾಗ ತಪ್ಪು, ದನಿಯನ್ನು ಹತ್ತಿರದ ಮನೆಗೆ ದಬ್ಬಿತು. ಇದು ಹೊಸ ಜಗಳವೇನೂ ಅಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, 1971ರವರೆಗೂ. ಅದರ ಮನೆಗಳ ನಡುವೆ ಗಮಕ, ಅಂದರೆ ಸ್ವರದ ಜಾರು ಬಳುಕು, ನುಡಿಯದು ಅನ್ನೋದು ಆಗಲೂ ದೊಡ್ಡ ದೂರು. ನಾವು ಈಗ ಗಂಟಲನ್ನೇ ಹಾರ್ಮೋನಿಯಂ ಮಾಡೋಕೆ ಹೊರಟಿದ್ದೇವೆ, ಅದೂ ಖುಷಿಯಿಂದ.

ಹಾಗಂತ "ಏನೂ ಮುಟ್ಟಬೇಡಿ, ರಾ ಆಗಿರಲಿ" ಅನ್ನುವವರ ಮಾತನ್ನೂ ನಾನು ಒಪ್ಪಲ್ಲ. ಮೈಕಿಗೆ ಏನು ಸತ್ಯ ಗೊತ್ತು? ಬಾಯಿಗೆ ಗೇಣು ದೂರದಲ್ಲಿಟ್ಟ ಕಾರ್ಡಿಯಾಯ್ಡ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ) ಮೈಕು ಇಲ್ಲದ ಬೇಸನ್ನು ತಾನೇ ಸೇರಿಸುತ್ತದೆ. ಜಗಲಿಯಲ್ಲಿ ಕೂತು ಕೇಳುವ ನಮಗೆ ಅಷ್ಟು ದಪ್ಪ ದನಿ ಯಾವತ್ತೂ ಕೇಳಿಸಿಲ್ಲ. 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ಆಮೇಲೆ ದಪ್ಪ, ತೆಳು ಸದ್ದನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ಯೂನಲ್ಲಿ ಬೇಸ್ ಸ್ವಲ್ಪ ಇಳಿಸಿದರೆ ಅದು ಮೋಸ ಅಲ್ಲ, ದೊಡ್ಡಮ್ಮನ ದನಿ ದೊಡ್ಡಮ್ಮನಿಗೆ ವಾಪಸ್ ಕೊಟ್ಟ ಹಾಗೆ. ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು, ಅದರ ಹಿಂದೆ 100, 150ರಲ್ಲಿ ಬರುವ ಮರಿಗಳು, ಇವನ್ನು ಹುಡುಕಿ ತೆಗೆಯೋದು ಕಂಪ್ಯೂಟರಿನಷ್ಟು ಚೆನ್ನಾಗಿ ನನ್ನ ಕೈಲಾಗಲ್ಲ. ನಾಯ್ಸ್ ರಿಡಕ್ಷನ್ ಮಾತ್ರ ಉಪ್ಪಿನ ಹಾಗೆ. ಜಾಸ್ತಿ ಆದರೆ ಹಾಡುವವರು ಬಾವಿಯೊಳಗಿಂದ ಹಾಡಿದ ಹಾಗೆ ಕೇಳಿಸುತ್ತದೆ.

ಹಾಡಿನ ಹೊರಗಿಂದ ಬಂದು ಸೇರಿಕೊಂಡದ್ದನ್ನು ಯಂತ್ರ ತೆಗೆಯಲಿ. ಹಾಡುವವರ ಗಂಟಲಿಂದ ಬಂದದ್ದಕ್ಕೆ ಕೈ ಹಾಕುವ ಮೊದಲು ಅವರನ್ನೊಂದು ಮಾತು ಕೇಳಿ. ಕೇಳದೆ ಮಾಡಿ ನನಗೆ ಮಂಗಳಾರತಿ ಆಯಿತು.

ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಜೋರು, ಮೆತ್ತಗಿನ ಅಂತರವನ್ನು ತಾನೇ ಕಮ್ಮಿ ಮಾಡುವ ಕಂಪ್ರೆಸರಿನ ಮೇಲೆ ಭಾರ ಹಾಕಲಿಲ್ಲ, ವಾಲ್ಯೂಮಿನ ಗೆರೆಯನ್ನು ಸಾಲು ಸಾಲಿಗೂ ಕೈಯಲ್ಲೇ ಏರಿಸಿ ಇಳಿಸಿದೆ, ಮೆತ್ತಗೆ ಹೇಳಿದ ಮಾತು ಕೇಳಿಸಬೇಕು, ಆದರೆ ಮೆತ್ತಗೇ ಇರಬೇಕು. ಉಸಿರು ಹಾಗೇ ಬಿಟ್ಟೆ, ತೀರಾ ಜೋರಾದದ್ದನ್ನು ಅರ್ಧಕ್ಕೆ ಇಳಿಸಿದೆ. ಸದ್ದು ಏರಿಸುವ ಚಪಲವನ್ನೂ ಬಿಟ್ಟೆ, ಹೇಗಿದ್ದರೂ ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸ್ (ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ದಾಟಿದ್ದನ್ನು ತಾನೇ ಕೆಳಗಿಳಿಸುತ್ತದೆ. ಹೆಡ್‌ಫೋನಿನಲ್ಲಿ ಕೇಳಿದೆ, ಫೋನಿನ ಸ್ಪೀಕರಿನಲ್ಲಿ ಕೇಳಿದೆ, ಗೆಳೆಯನ ಕಾರಿನಲ್ಲಿ ಎಐಟಿ ಸರ್ಕಲ್ಲಿನವರೆಗೂ ಕೇಳಿಕೊಂಡು ಹೋದೆ.

ನಿನ್ನೆ ದೊಡ್ಡಮ್ಮನಿಗೆ ಕಳಿಸಿದೆ. ರಾತ್ರಿ ಫೋನ್ ಬಂತು. ಮಿಕ್ಸಿಂಗ್ ಬಗ್ಗೆ ಒಂದಕ್ಷರ ಇಲ್ಲ.

"ಮೂರನೇ ಪದದಲ್ಲಿ ಒಂದು ಸಾಲೇ ನುಂಗಿಬಿಟ್ಟಿದೀನಿ ಕಣೋ. ಭಾನುವಾರ ಬಾ, ಮತ್ತೆ ಹಾಡ್ತೀನಿ. ಆ ಗಡಿಯಾರ ತರಬೇಡ."