ಸೀನಿದ ಶಾಸನ

ಒಂಬತ್ತನೆಯ ತರಗತಿಯಲ್ಲಿದ್ದಾಗ ರಾಯಚೂರಿನ ನಮ್ಮ ಶಾಲೆಯಲ್ಲಿ ಎಷ್ಟು ಸಂಘಗಳಿದ್ದವೋ ಅಷ್ಟರಲ್ಲೂ ನನ್ನ ಹೆಸರಿತ್ತು. ವಿಜ್ಞಾನ, ಸಾಹಿತ್ಯ, ಇತಿಹಾಸ, ಪರಿಸರ, ಯಾವುದನ್ನೂ ಬಿಟ್ಟಿರಲಿಲ್ಲ. ಇದನ್ನು ಜ್ಞಾನದಾಹವೆಂದು ಯಾರೂ ತಪ್ಪು ತಿಳಿಯಬಾರದು. ಸಂಘಗಳ ಸಭೆಗಳೆಲ್ಲ ಗಣಿತದ ಅವಧಿಯಲ್ಲಿ ನಡೆಯುತ್ತಿದ್ದವು, ಅಷ್ಟೆ. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ನಮ್ಮ ಗುರುಗಳೆಲ್ಲ ಸೇರಿ ಒಂದೇ ಸಂಶೋಧನೆಯಲ್ಲಿ ತೊಡಗಿದ್ದರು: ಈ ಹುಡುಗನಿಂದ ಕೆಡಿಸಲು ಆಗದಂಥ ಕೆಲಸ ಲೋಕದಲ್ಲಿ ಯಾವುದಿದೆ?

ಮೊದಲು ಸಿಕ್ಕಿದ್ದು ಶಾಲಾ ಸಂಸತ್ತಿನಲ್ಲಿ ನೀರಿನ ಮಂತ್ರಿಗಿರಿ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ನಮ್ಮ ಶಾಲೆಯ ಒಣಗಿದ ನಲ್ಲಿ. ಪ್ರಮಾಣವಚನ ಮುಗಿದ ಸಂಜೆಯೇ ಅಧಿಕಾರದ ಹುರುಪಿನಲ್ಲಿ ಎಲ್ಲ ನಲ್ಲಿಗಳನ್ನೂ ತಿರುಗಿಸಿ ಪರೀಕ್ಷಿಸಿದೆ. ಒಂದರಲ್ಲೂ ಹನಿ ನೀರಿರಲಿಲ್ಲ. ತಿರುಗಿಸಿದ್ದನ್ನು ಹಾಗೆಯೇ ಬಿಟ್ಟು ಮನೆಗೆ ಹೋದೆ. ರಾತ್ರಿ ನೀರು ಬಂತು. ಬೆಳಿಗ್ಗೆ ಮುಖ್ಯಗುರುಗಳ ಕೋಣೆಯಲ್ಲಿ ಹಾಜರಿ ಪುಸ್ತಕಗಳು ತೇಲುತ್ತಿದ್ದವು. ರಾಜೀನಾಮೆ ಕೇಳುವ ಮೊದಲೇ ಕೊಟ್ಟ ಮಂತ್ರಿ ನಮ್ಮ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬನೇ.

ಜುಲೈನಲ್ಲಿ ವಿಜ್ಞಾನ ಸಂಘದ ಉದ್ಘಾಟನೆ. ಬೆಂಕಿಕಡ್ಡಿಯಿಲ್ಲದೆ ದೀಪ ಹೊತ್ತಿಸಬೇಕೆಂಬುದು ನಮ್ಮ ವಿಜ್ಞಾನದ ಸರ್ ಅವರ ಬಹುದಿನದ ಆಸೆ. ದೀಪದ ಬಟ್ಟಲಲ್ಲಿ ಹತ್ತಿಯ ಮೇಲೆ ಪೊಟ್ಯಾಸಿಯಂ ಪರ್ಮಾಂಗನೇಟ್ ಇಟ್ಟು, ಮುಖ್ಯ ಅತಿಥಿಗಳು ಅದರ ಮೇಲೆ ನಾಲ್ಕು ಹನಿ ಗ್ಲಿಸರಿನ್ ಬಿಟ್ಟರೆ ಕೆಲವೇ ಕ್ಷಣಗಳಲ್ಲಿ ಜ್ವಾಲೆ ಏಳುತ್ತದೆ. ಏಳಬೇಕಾದರೆ ಆ ನೇರಳೆ ಹರಳುಗಳನ್ನು ನುಣ್ಣಗೆ ಪುಡಿ ಮಾಡಿರಬೇಕು. ಪುಡಿ ನುಣ್ಣಗಿದ್ದಷ್ಟೂ ಬೇಗ, ದಪ್ಪವಿದ್ದಷ್ಟೂ ತಡ. ಆ ಕೆಲಸ ನನ್ನದಾಗಿತ್ತು. ಮನೆಯಲ್ಲಿ ಮೆಣಸಿನಕಾಯಿ ಕುಟ್ಟಿಯೇ ಬೇಸತ್ತಿದ್ದ ನಾನು ಹರಳುಗಳನ್ನು ಎರಡೇಟು ಕುಟ್ಟಿ ಹಾಗೆಯೇ ಸುರಿದಿದ್ದೆ.

ಅತಿಥಿಗಳು ಗ್ಲಿಸರಿನ್ ಬಿಟ್ಟರು. ಚಪ್ಪಾಳೆ ತಟ್ಟಲು ಎಲ್ಲರ ಕೈ ಮೇಲೆದ್ದವು. ಏನೂ ಆಗಲಿಲ್ಲ. ಎದ್ದ ಕೈಗಳಿಂದ ತಲೆ ಕೆರೆದುಕೊಂಡರು. ಅತಿಥಿಗಳು ಬಗ್ಗಿ ನೋಡಿದರು, ಸರ್ ಬಗ್ಗಿ ನೋಡಿದರು, ಮುಖ್ಯಗುರುಗಳು ಸರ್ ಅವರನ್ನು ನೋಡಿದರು. ಬೆಂಕಿಪೊಟ್ಟಣ ತರಲು ಜವಾನನನ್ನು ಓಡಿಸಿ, ಅಷ್ಟರಲ್ಲಿ ಭಾಷಣವಾದರೂ ಆಗಲಿ ಎಂದು ಮೈಕು ಕೊಟ್ಟರು. ಅತಿಥಿಗಳು ಮೂಢನಂಬಿಕೆಯ ವಿರುದ್ಧ ಬಹಳ ಚೆನ್ನಾಗಿ ಮಾತನಾಡುವವರು. "ಮಕ್ಕಳೇ, ಜಗತ್ತಿನಲ್ಲಿ ಪವಾಡವೆಂಬುದಿಲ್ಲ. ದೀಪ ತಾನಾಗಿಯೇ ಹೊತ್ತಿಕೊಳ್ಳುವುದಿಲ್ಲ" ಎಂದರು. ಹಿಂದಿನಿಂದ ಬುಸ್ ಎಂದು ಹೊಗೆಯೆದ್ದು ದೀಪ ತಾನಾಗಿಯೇ ಹೊತ್ತಿಕೊಂಡಿತು. ಬಾಗಿಲಲ್ಲಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದ ಜವಾನ ಚಪ್ಪಲಿ ಬಿಟ್ಟು ಕೈ ಮುಗಿದ.

ಆಗಸ್ಟ್ ಹದಿನೈದರ ಭಾಷಣವನ್ನು ಮಾತ್ರ ನಾನು ಒಂದೂ ತಪ್ಪಿಲ್ಲದೆ ಒಪ್ಪಿಸಿದ್ದೆ. ಅದಕ್ಕೇ ಮುಂದಿನ ತಿಂಗಳ ಭಾಷಣವನ್ನೂ ನನಗೇ ಕೊಟ್ಟರು. ನಮ್ಮ ಕಡೆಯ ಶಾಲೆಗಳಲ್ಲಿ ಸ್ವಾತಂತ್ರ್ಯಕ್ಕಾಗಿ ಎರಡು ಸಲ ಧ್ವಜ ಏರುತ್ತದೆ, ಎರಡು ಸಲ ಸಿಹಿ ಹಂಚುತ್ತಾರೆ. ದೇಶಕ್ಕೆಲ್ಲ 1947ರಲ್ಲಿ ಬಂದ ಸ್ವಾತಂತ್ರ್ಯ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಗೆ ಮುಟ್ಟಿದ್ದು ಹದಿಮೂರು ತಿಂಗಳು ತಡವಾಗಿ, ಪೊಲೀಸ್ ಕಾರ್ಯಾಚರಣೆ ಮುಗಿದ 1948ರ ಸೆಪ್ಟೆಂಬರ್ 17ರಂದು. ಇಷ್ಟೆಲ್ಲ ನನಗೆ ಗೊತ್ತಿತ್ತು. ಆದರೆ ಬಾಯಿಪಾಠವಾಗಿದ್ದ ಒಳ್ಳೆಯ ಭಾಷಣವೊಂದು ಸಿದ್ಧವಿರುವಾಗ ಹೊಸದನ್ನು ಉರು ಹೊಡೆಯುವುದು ಏಕೆ? ತಾರೀಖನ್ನಷ್ಟೇ ಬದಲಿಸಿಕೊಂಡೆ. "ಸಾವಿರದ ಒಂಬೈನೂರ ನಲವತ್ತೆಂಟನೆಯ ಇಸವಿ ಸೆಪ್ಟೆಂಬರ್ ಹದಿನೇಳರಂದು ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ರಾಯಚೂರಿನಿಂದ ಹೊರಟರು" ಎಂದು ಮುಷ್ಟಿ ಬಿಗಿದು ಗುಡುಗಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಆ ದಿನಗಳನ್ನು ಕಣ್ಣಾರೆ ಕಂಡವರು, ಊರುಗೋಲು ನೆಲಕ್ಕೆ ಕುಟ್ಟಿ, "ತಮ್ಮಾ, ಹಾಗಾದರೆ ನಾವು ಒಂದು ವರ್ಷ ಯಾರ ಕೈಯಲ್ಲಿದ್ದೆವು?" ಎಂದು ಕೇಳಿದರು. ನಾನು ಪ್ರಾಮಾಣಿಕವಾಗಿ "ಗೊತ್ತಿಲ್ಲ ತಾತಾ" ಎಂದೆ. ಮೈಕು ಅದನ್ನೂ ಊರಿಗೆಲ್ಲ ಸಾರಿತು.

ಇನ್ನು ಬಾಯಿ ಬಿಡುವ ಯಾವ ಕೆಲಸವನ್ನೂ ಇವನಿಗೆ ಕೊಡಬಾರದೆಂದು ತೀರ್ಮಾನವಾಯಿತು. ಪ್ರತಿಭಾ ಕಾರಂಜಿಯ ಕವ್ವಾಲಿ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಕುಳ್ಳಿರಿಸಿ ಚಪ್ಪಾಳೆ ಮಾತ್ರ ತಟ್ಟಲು ಹೇಳಿದರು. ನನ್ನ ಚಪ್ಪಾಳೆ ತಂಡದವರಿಗಿಂತ ಅರ್ಧ ಕ್ಷಣ ಹಿಂದಿರುತ್ತಿತ್ತು. ಹಾಡಿನುದ್ದಕ್ಕೂ ತೀರ್ಪುಗಾರರು ಕತ್ತು ತಿರುಗಿಸಿ ಪ್ರತಿಧ್ವನಿ ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತಿದ್ದರು. ತಾಲ್ಲೂಕು ಮಟ್ಟಕ್ಕೆ ನಾವು ಹೋಗಲಿಲ್ಲ.

ಹೀಗೆ ಬಾಯಿ ಹೋಯಿತು, ಕೈಯೂ ಹೋಯಿತು. ಉಳಿದದ್ದು ಸುಮ್ಮನೆ ಇರುವುದು. ಅದಕ್ಕೆ ತಕ್ಕ ಪಾತ್ರವನ್ನು ವಾರ್ಷಿಕೋತ್ಸವದ ಹೊತ್ತಿಗೆ ಸಮಾಜ ವಿಜ್ಞಾನದ ಟೀಚರ್ ಹುಡುಕಿ ತಂದರು. ಇತಿಹಾಸ ಸಂಘದ ನಾಟಕಕ್ಕೆ ಅವರು ಆರಿಸಿದ ವಿಷಯ ಮಸ್ಕಿಯ ಅಶೋಕ ಶಾಸನ. ನಮ್ಮ ಜಿಲ್ಲೆಯ ಹೆಮ್ಮೆಯ ಕಲ್ಲು ಅದು. ಬೇರೆ ಕಡೆಯ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದು ಬಿರುದುಗಳೇ ಸಿಗುತ್ತಿದ್ದುದರಿಂದ, ಈ ಬಿರುದಿನ ರಾಜ ನಿಜಕ್ಕೂ ಯಾರೆಂಬ ಗೊಂದಲವಿತ್ತು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಕಂಡ. ಅದರಲ್ಲಿ ಬಿರುದಿನ ಪಕ್ಕದಲ್ಲೇ 'ಅಸೋಕ' ಎಂಬ ಹೆಸರಿತ್ತು. ಟೀಚರ್ ನಾಟಕದಲ್ಲಿ ಆ ಎಂಜಿನಿಯರ್ ಕೈಯಿಂದಲೇ ಶಾಸನ ಓದಿಸಿದ್ದರು. ಅವನಿಗೆ ಬ್ರಾಹ್ಮಿ ಓದಲು ಬರುತ್ತಿತ್ತೇ ಎಂದು ಕೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಕೇಳಿದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಪಾತ್ರ ಹಂಚುವಾಗ ಅವರು ನನ್ನನ್ನು ಬಹಳ ಹೊತ್ತು ದಿಟ್ಟಿಸಿ, "ನೀನು ಬಂಡೆ" ಎಂದರು. ಬೈಗುಳವೆಂದುಕೊಂಡೆ. ಪಾತ್ರವಾಗಿತ್ತು.

ಬಂಡೆಯನ್ನು ಕಟ್ಟಿದ್ದು ಬಿದಿರ ಸೀಳುಗಳಿಂದ. ಅದರ ಮೇಲೆ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ದಾನ ಕೊಟ್ಟ ಖಾಲಿ ಚೀಲಗಳನ್ನು ಬಿಚ್ಚಿ ಹೊಲಿದು, ಮೈದಾ ಅಂಟಿನಿಂದ ಹಳೆಯ ಪತ್ರಿಕೆ ಮೆತ್ತಿ, ಬೂದು ಬಣ್ಣ ಬಳಿದರು. ಎದುರಿಗೆ ಚಿತ್ರಕಲಾ ಶಿಕ್ಷಕರು ಸುಣ್ಣದಲ್ಲಿ ಬ್ರಾಹ್ಮಿ ಅಕ್ಷರಗಳನ್ನು ಬರೆದರು. ಒಣಗಲೆಂದು ರಾತ್ರಿ ವರಾಂಡದಲ್ಲಿ ಇಟ್ಟರು. ಬೆಳಗಿನ ಜಾವ ಒಂದು ಮೇಕೆ ಬಂದು, ಅಂಟಿನ ರುಚಿಗೆ ಮನಸೋತು, ಶಾಸನದ ಬಹುಭಾಗವನ್ನು ತಿಂದು ಹೋಗಿತ್ತು. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ರಾಯಚೂರಿನ ಬಿಸಿಲನ್ನು ತಡೆದುಕೊಂಡ ಬರಹ ನಮ್ಮ ಕೈಯಲ್ಲಿ ಒಂದು ರಾತ್ರಿ ಬಾಳಲಿಲ್ಲ. ಹೊಸದಾಗಿ ಕಾಗದ ಅಂಟಿಸಲು ಸಮಯವಿರಲಿಲ್ಲ. ಹಿಂಬದಿಯಲ್ಲಿ ಅವಸರದಿಂದ ಮತ್ತೆ ಅಕ್ಷರ ಬರೆದು ಅದನ್ನೇ ಮುಂದೆ ಮಾಡಿದರು, ಮೇಕೆ ತಿಂದ ಬದಿಯನ್ನು ಪರದೆಯ ಕಡೆಗೆ ತಿರುಗಿಸಿದರು. ನನ್ನನ್ನು ಒಳಗೆ ಕೂರಿಸಿ ಟೀಚರ್ ತೂತಿನಿಂದ ಪಿಸುಗುಟ್ಟಿದರು: "ಏನೇ ಆಗಲಿ, ಅಲುಗಾಡಬೇಡಪ್ಪ. ನಿನ್ನ ಕಾಲಿಗೆ ಬೀಳುತ್ತೇನೆ."

ಅಲುಗಾಡಬಾರದೆಂಬ ಮನಸ್ಸು ನನಗೂ ಇತ್ತು. ಆದರೆ ಗಿರಣಿಯ ಚೀಲವೆಂದರೆ ಒಳಗೆಲ್ಲ ತೌಡಿನ ಧೂಳು. ಕಳಿಂಗ ಯುದ್ಧ ಮುಗಿಯುವವರೆಗೆ ಮೂಗು ಹಿಡಿದುಕೊಂಡೆ. ಅಶೋಕ ಪಶ್ಚಾತ್ತಾಪ ಪಡುವಾಗ ಬಾಯಿಂದ ಉಸಿರಾಡಿದೆ. ಆ ಹುಡುಗನೋ ಪಶ್ಚಾತ್ತಾಪವನ್ನು ಮುಗಿಸುತ್ತಲೇ ಇರಲಿಲ್ಲ. ಕೊನೆಗೆ ಎಂಜಿನಿಯರ್ ಟೊಪ್ಪಿಗೆ ಹಾಕಿಕೊಂಡು ಬಂದು, "ಚಿನ್ನ! ಈ ಗುಡ್ಡದಲ್ಲಿ ಎಲ್ಲಾದರೂ ಚಿನ್ನ ಸಿಕ್ಕೀತೇ?" ಎಂದು ಹಣೆಯ ಮೇಲೆ ಕೈಯಿಟ್ಟು ದೂರ ನೋಡಿದ. ಅದೇ ಹೊತ್ತಿಗೆ ಬಂಡೆ ಸೀನಿತು. ಒಂದಲ್ಲ, ಮೂರು ಸಲ. ಒಂದೊಂದು ಸೀನಿಗೂ ನಾನು ಕುಳಿತಲ್ಲೇ ಒಂದಿಷ್ಟು ತಿರುಗಿದೆ. ಮೂರನೆಯದು ಮುಗಿಯುವಷ್ಟರಲ್ಲಿ ಶಾಸನ ಪರದೆಯ ಕಡೆಗೂ ಮೇಕೆ ತಿಂದ ಬದಿ ಪ್ರೇಕ್ಷಕರ ಕಡೆಗೂ ಬಂದಿತ್ತು.

ಎಂಜಿನಿಯರ್ ಪಾತ್ರದವನು ಇಡೀ ಶಾಲೆಗೆ ಮೊದಲು ಬರುವ ಹುಡುಗ. ಅಂಥವರ ತೊಂದರೆಯೆಂದರೆ ಎದುರಿಗೆ ಏನು ಬರೆದಿದೆಯೋ ಅದನ್ನೇ ಓದುತ್ತಾರೆ. ಮೊಣಕಾಲೂರಿ, ಭೂತಗನ್ನಡಿ ಹಿಡಿದು, ಹರಿದ ಕಾಗದದ ನಡುವೆ ಇಣುಕುತ್ತಿದ್ದ ಚೀಲದ ಮೇಲಿನ ದಪ್ಪ ಅಕ್ಷರಗಳನ್ನು ಗಂಭೀರವಾಗಿ ಓದಿದ: "ಸೋನಾ... ಮಸೂರಿ... ಇಪ್ಪತ್ತೈದು ಕೆಜಿ!"

ಚಿನ್ನ ಹುಡುಕಿಕೊಂಡು ಬಂದವನಿಗೆ ಕೊನೆಗೂ ಸೋನಾ ಸಿಕ್ಕಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಸಾಹುಕಾರರು ಮಾತ್ರ ನಗಲಿಲ್ಲ. ಎದ್ದು ನಿಂತು, ಶಲ್ಯ ಸರಿಪಡಿಸಿಕೊಂಡು, ಸುತ್ತಲಿನವರಿಗೆ "ನಮ್ಮ ಗಿರಣಿಯದೇ, ನಮ್ಮದೇ" ಎಂದು ಹೇಳುತ್ತ ಕಣ್ಣು ಒರೆಸಿಕೊಂಡರು. ಮುಂದಿನ ವರ್ಷದ ವಾರ್ಷಿಕೋತ್ಸವದ ಊಟಕ್ಕೆ ಎರಡು ಕ್ವಿಂಟಲ್ ಅಕ್ಕಿಯನ್ನು ಅಲ್ಲಿಯೇ ಘೋಷಿಸಿದರು. ಮುಖ್ಯಗುರುಗಳು ನನ್ನನ್ನು ಬೈಯಲೆಂದು ಬಂದವರು ಬೆನ್ನು ತಟ್ಟಿ ಹೋದರು. ಬೂದು ಬಣ್ಣ ಅವರ ಅಂಗೈಗೆ ಅಂಟಿತು.

ರಾತ್ರಿ ಮನೆಗೆ ಹೋಗುವಾಗ ಅವ್ವ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು.

"ಪಕ್ಕದ ಮನೆಯವರನ್ನೂ ಕರೆದುಕೊಂಡು ಬಂದಿದ್ದೆ. ಎಲ್ಲರ ಮಕ್ಕಳೂ ವೇದಿಕೆಯ ಮೇಲೆ ಬಂದರು. ನೀನು ಒಂದು ಸಲವಾದರೂ ಮುಖ ತೋರಿಸಬಾರದಿತ್ತೇ?"

"ನಾನೇ ಅವ್ವ ಆ ಬಂಡೆ."

ಅವ್ವ ನಿಂತಲ್ಲೇ ನಿಂತಳು.

"ಸೀನಿತಲ್ಲ, ಅದೇ?"

"ಹೌದು."

"ನಿನ್ನೆ ರಾತ್ರಿಯೇ ಶುಂಠಿ ಕಷಾಯ ಕುಡಿ ಎಂದು ಬಡಿದುಕೊಂಡೆ. ಕೇಳಿದೆಯಾ ನೀನು?" ಎಂದವಳು ಸೆರಗಿನಿಂದ ನನ್ನ ಮೂಗು ಒರೆಸತೊಡಗಿದಳು.