ದೊಡ್ಡ ದುಡ್ಡಿಗೆ ಸಣ್ಣ ಕಂಪನಿ ಸಾಲುವುದಿಲ್ಲ

ಸಿಂಗಾಪುರ ಸರ್ಕಾರದ ಹೂಡಿಕೆ ಕಂಪನಿ ಟೆಮಾಸೆಕ್ 2023ರಲ್ಲಿ ಮಣಿಪಾಲ್ ಹಾಸ್ಪಿಟಲ್ಸ್‌ನಲ್ಲಿ ತನ್ನ ಪಾಲನ್ನು ಶೇ. 18ರಿಂದ 59ಕ್ಕೆ ಏರಿಸಿಕೊಂಡಿತು. ನಮ್ಮ ಉಡುಪಿಯಲ್ಲಿ ಈ ಮಾತು ಬಂದಾಗೆಲ್ಲ ಒಂದೇ ಉತ್ತರ ಕೇಳುತ್ತೇನೆ: "ದುರಾಸೆ ಮಾರಾಯ್ರೆ, ಎಲ್ಲ ನುಂಗಲಿಕ್ಕೆ ಹೊರಟಿದ್ದಾರೆ." ಆಸೆ ಇಲ್ಲ ಅಂತಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಇವರ ಹತ್ತಿರ ಇರುವ ಹಣದ ಗಾತ್ರ ಅಂತ ನನಗೆ ಅನಿಸುತ್ತದೆ.

ಬರ್ಕ್‌ಷೈರ್ ಹ್ಯಾಥವೇಯನ್ನೇ ನೋಡಿ. ವಿಮೆಯಿಂದ ಹಿಡಿದು ಹಲವು ಬಗೆಯ ಕಂಪನಿಗಳನ್ನು ಕೊಂಡು ಇಟ್ಟುಕೊಂಡಿರುವ ಅಮೆರಿಕದ ಕಂಪನಿ ಅದು. ಅದನ್ನು ದಶಕಗಳ ಕಾಲ ನಡೆಸಿದ ವಾರನ್ ಬಫೆಟ್ 1972ರಲ್ಲಿ ಸೀಸ್ ಕ್ಯಾಂಡೀಸ್ ಅನ್ನುವ ಮಿಠಾಯಿ ಕಂಪನಿಯನ್ನು ಎರಡೂವರೆ ಕೋಟಿ ಡಾಲರಿಗೆ ಕೊಂಡರು. ಬಹಳ ಒಳ್ಳೆಯ ವ್ಯಾಪಾರ ಅದು. ಆದರೆ 2024ರಲ್ಲಿ ಬರ್ಕ್‌ಷೈರ್‌ನ ಮಾರುಕಟ್ಟೆ ಬೆಲೆ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ಈಗ ಅಂಥದ್ದೇ ಇನ್ನೊಂದು ಸಿಕ್ಕಿ ಹತ್ತು ಪಟ್ಟು ಬೆಳೆದರೂ ಒಟ್ಟು ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಶೇ. 1ರಷ್ಟು ಮೇಲೇರಬೇಕಾದರೂ ಸಾವಿರ ಕೋಟಿ ಡಾಲರ್ ಸೇರಬೇಕು! ಜೊತೆಗೆ ಅವರ ವಿಮೆ ಕಂಪನಿಗಳಿಗೆ ಪ್ರೀಮಿಯಂ ಮೊದಲು ಬರುತ್ತದೆ, ಕ್ಲೇಮ್ ಕೊಡುವುದು ಆಮೇಲೆ. ನಡುವೆ ಆ ಹಣ ಸುಮ್ನೆ ಕೂರಬಾರದು ಅಲ್ವಾ? 2010ರಲ್ಲಿ ಅಮೆರಿಕದ ಬಿಎನ್‌ಎಸ್‌ಎಫ್ ರೈಲ್ವೆಯನ್ನು ಪೂರ್ತಿ ಕೊಂಡಿದ್ದರ ಹಿಂದೆ ಈ ಲೆಕ್ಕವೂ ಉಂಟು. ರೈಲ್ವೆ ಅಂದರೆ ಹಳಿ, ಇಂಜಿನ್, ಸೇತುವೆ ಅಂತ ವರ್ಷ ವರ್ಷವೂ ಕೋಟಿಗಟ್ಟಲೆ ಡಾಲರ್ ಹಾಕಿಸಿಕೊಳ್ಳುವ ವ್ಯಾಪಾರ, ಹಣ ಹೆಚ್ಚಾದವರಿಗೆ ಬೇಕಾದದ್ದೂ ಅದೇ.

ಇನ್ನು ಕೊಳ್ಳುವ ಕೆಲಸ. ವಕೀಲರು, ಆಡಿಟರುಗಳು, ಲೆಕ್ಕಪತ್ರ ಜಾಲಾಡುವುದು ಒಂದು ನರ್ಸಿಂಗ್ ಹೋಮಿಗೂ ಬೇಕು, ಇಡೀ ಆಸ್ಪತ್ರೆ ಸರಣಿಗೂ ಬೇಕು. ಹಾಗಿರುವಾಗ ಊರೂರು ಸುತ್ತಿ ಸಣ್ಣದನ್ನು ಯಾರು ಹುಡುಕುತ್ತಾರೆ?

ನನಗೆ ಸಿಟ್ಟು ಬರುವುದು ಪ್ರೈವೇಟ್ ಇಕ್ವಿಟಿ ಫಂಡುಗಳ ಮೇಲೆ, ಅಂದರೆ ಪೆನ್ಷನ್ ನಿಧಿಗಳಂಥವರಿಂದ ಹಣ ಎತ್ತಿ ಕಂಪನಿಗಳನ್ನು ಕೊಂಡು ಆಮೇಲೆ ಮಾರುವವರ ಮೇಲೆ. ಅಲ್ಲಿ ಫಂಡ್ ನಡೆಸುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 2ರಷ್ಟು ಫೀ, ಮೇಲಿಂದ ಲಾಭದಲ್ಲಿ ಶೇ. 20. ಲಾಭ ಬರಲಿ ಬಿಡಲಿ, ಫಂಡ್ ದೊಡ್ಡದಾದಷ್ಟೂ ಫೀ ದೊಡ್ಡದು. ಎತ್ತಿದ ಹಣವನ್ನು ಕೆಲವೇ ವರ್ಷಗಳಲ್ಲಿ ಹೂಡಿ ಮುಗಿಸಬೇಕು, ಹಾಗಾಗಿ ಬೆಲೆ ಜಾಸ್ತಿ ಅಂತ ಗೊತ್ತಿದ್ದರೂ ದೊಡ್ಡದಕ್ಕೇ ಕೈ ಹಾಕುತ್ತಾರೆ. ಅಂಥ ಫೀ ತೆಗೆದುಕೊಳ್ಳದ, ಸ್ವಂತ ಆಸ್ತಿಯನ್ನೂ ಬರ್ಕ್‌ಷೈರ್‌ನಲ್ಲೇ ಇಟ್ಟಿರುವ ಬಫೆಟ್ ಕೂಡ 2016ರಲ್ಲಿ ವಿಮಾನದ ಬಿಡಿಭಾಗ ಮಾಡುವ ಪ್ರಿಸಿಷನ್ ಕಾಸ್ಟ್‌ಪಾರ್ಟ್ಸ್ ಕೊಂಡು, 2020ರಲ್ಲಿ ಸುಮಾರು ಸಾವಿರ ಕೋಟಿ ಡಾಲರ್ ನಷ್ಟ ಬರೆದುಕೊಂಡರು. ಜಾಸ್ತಿ ಬೆಲೆ ಕೊಟ್ಟೆ ಅಂತ ಷೇರುದಾರರ ಮುಂದೆ ಒಪ್ಪಿಕೊಂಡರು. ಬೇರೆಯವರ ಪೆನ್ಷನ್ ಹಣದಲ್ಲಿ ಆಡುವವರು ಇನ್ನೆಷ್ಟು ಜಾಗ್ರತೆ ಮಾಡುತ್ತಾರೆ?

ಅದಕ್ಕೇ ಆಸ್ಪತ್ರೆ ಮಾರಾಟದ ಸುದ್ದಿ ಬಂದರೆ ಕೊಂಡವರ ಹೆಸರಿಗಿಂತ ಮೊದಲು ನಾನು ಕೊಟ್ಟ ಬೆಲೆ ನೋಡುತ್ತೇನೆ. ಹೆಚ್ಚು ಕೊಟ್ಟಿದ್ದರೆ ಅದು ರೋಗಿಯ ಬಿಲ್ಲಿಗೆ ಬರುವ ಭಯ ನನಗೆ.