ತಿಂಗಳ ರೈಡ್ ಚೆಕ್ ನಿಲ್ಲಿಸಿ ಅನ್ನುವವರಿಗೆ

ಬೆಂಗಳೂರಿನ ಸಣ್ಣ ಆಫೀಸುಗಳ ಸರ್ವರ್, ನ್ಯಾಸ್ (ಆಫೀಸಿನವರೆಲ್ಲ ಫೈಲ್ ಇಡುವ ಡಿಸ್ಕ್ ಬಾಕ್ಸ್) ನೋಡಿಕೊಳ್ಳುವುದು ನನ್ನ ಕೆಲಸ. ಆಡಿಟರ್‌ಗಳು, ಆರ್ಕಿಟೆಕ್ಟ್‌ಗಳು, ಮದುವೆ ಫೋಟೋ ತೆಗೆಯುವವರು, ಹೀಗೆ. ಇವರೆಲ್ಲರಿಂದ ಬರುವ ತಕರಾರು ಮಾತ್ರ ಒಂದೇ. "ಬೆಳಗ್ಗೆಯಿಂದ ಫೈಲ್ ಓಪನ್ನೇ ಆಗ್ತಿಲ್ಲ ಕಣ್ರೀ. ಅದೇನೋ ಚೆಕ್ ಓಡ್ತಿದೆಯಂತೆ, ಆಫ್ ಮಾಡಿಬಿಡಿ." ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯಲಿ ಅಂತ ಹಲವು ಡಿಸ್ಕ್‌ಗಳನ್ನು ಜೋಡಿಸುವ ವ್ಯವಸ್ಥೆಗೆ ರೈಡ್ ಅನ್ನುತ್ತಾರೆ. ಆ ಡಿಸ್ಕ್‌ಗಳನ್ನು ತಿಂಗಳಿಗೊಮ್ಮೆ ಪೂರ್ತಿ ಓದಿ ತಾಳೆ ನೋಡುವುದೇ ಈ ಚೆಕ್. ನಾನು ಆಫ್ ಮಾಡುವುದಿಲ್ಲ. ಯಾಕೆ ಅಂತ ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿದೆ. ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಹಸಿರು ಲೈಟಿನ ವಿಷಯ. ಬಾಕ್ಸಿನ ಮುಂದೆ ನಾಲ್ಕೂ ಲೈಟ್ ಹಸಿರಾಗಿ ಉರಿಯುತ್ತಿದ್ದರೆ ಎಲ್ಲಾ ಸರಿಯಿದೆ ಅಂದುಕೊಳ್ಳುತ್ತೇವೆ. ಡಿಸ್ಕ್ ಬದುಕಿದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದೆ, ಲೈಟಿಗೆ ಗೊತ್ತಿರುವುದು ಅಷ್ಟೇ. 2016ರ ಬ್ಯಾಲೆನ್ಸ್ ಶೀಟ್ ಕೂತಿರುವ ಜಾಗವನ್ನು ಯಾರೂ ವರ್ಷಗಟ್ಟಲೆ ಕೇಳಿಯೇ ಇಲ್ಲ. ಅಲ್ಲೊಂದು ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಂಡು ಜಾಗ) ಕೆಟ್ಟಿದ್ದರೆ ಲೈಟಿಗೆ ಹೇಗೆ ತಿಳಿಯಬೇಕು?

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನೀವು ಫೈಲ್ ತೆರೆದಾಗ ರೈಡ್ ತಾಳೆ ನೋಡುವುದಿಲ್ಲ. ರೈಡ್ 1 (ಒಂದೇ ಡೇಟಾ ಎರಡು ಡಿಸ್ಕ್‌ನಲ್ಲೂ ಇರುವುದು) ಆದರೆ ಎರಡು ಡಿಸ್ಕ್‌ನಲ್ಲಿ ಯಾವುದೋ ಒಂದರಿಂದ ಓದಿ ಕೊಡುತ್ತದೆ. ರೈಡ್ 5 (ಡೇಟಾವನ್ನು ಹಲವು ಡಿಸ್ಕ್‌ಗೆ ಹಂಚಿ, ಜೊತೆಗೆ ಪ್ಯಾರಿಟಿ ಅನ್ನುವ ಲೆಕ್ಕ ಇಡುವುದು) ಆದರೆ ಡೇಟಾ ಓದುತ್ತದೆ, ಪ್ಯಾರಿಟಿ ಮುಟ್ಟುವುದೇ ಇಲ್ಲ. ಸುಮ್ನೆ ಯಾಕೆ ಜಾಸ್ತಿ ಓದಬೇಕು ಅಂತ. ಹಾಗಾಗಿ ಎರಡರ ನಡುವೆ ವ್ಯತ್ಯಾಸ ಬಂದಿದ್ದರೂ ಅದು ಹಾಗೇ ಕೂತಿರುತ್ತದೆ.

ಪ್ಯಾರಿಟಿ ಅಂದರೆ ಏನು ಅಂತ ಕೇಳುವವರಿಗೆ ನಾನು ಪೇಪರ್ ಮೇಲೆ ಬರೆದು ತೋರಿಸುತ್ತೇನೆ. ಒಂದನೇ ಡಿಸ್ಕ್‌ನಲ್ಲಿ 1011 ಇದೆ, ಎರಡನೆಯದರಲ್ಲಿ 0110. ಮೇಲೆ ಕೆಳಗೆ ಒಂದೇ ಅಂಕೆ ಇದ್ದರೆ 0, ಬೇರೆ ಬೇರೆ ಇದ್ದರೆ 1. ಮೂರನೇ ಡಿಸ್ಕಿಗೆ 1101 ಬಂತು, ಇದೇ ಪ್ಯಾರಿಟಿ. ಈಗ ಎರಡನೇ ಡಿಸ್ಕ್ ಸತ್ತಿತು ಅನ್ನಿ. ಉಳಿದ 1011, 1101 ಇಟ್ಟುಕೊಂಡು ಅದೇ ಲೆಕ್ಕ ಮಾಡಿದರೆ 0110 ವಾಪಸ್ ಸಿಗುತ್ತದೆ. ಮ್ಯಾಜಿಕ್ ಇಷ್ಟೇ. ಆದರೆ ಪ್ಯಾರಿಟಿ ಯಾವಾಗಲೋ ಕೆಟ್ಟು 1100 ಆಗಿದ್ದರೆ? ಸಿಗುವುದು 0111. ರೈಡ್ ಯಾವ ತಕರಾರೂ ಮಾಡದೆ ಆ ತಪ್ಪು ಅಂಕೆಯನ್ನೇ ಹೊಸ ಡಿಸ್ಕಿಗೆ ಬರೆದು, ರೀಬಿಲ್ಡ್ ಮುಗಿಯಿತು ಅನ್ನುತ್ತದೆ. ಲೈಟ್ ಮತ್ತೆ ಹಸಿರು.

ಇದೆಲ್ಲ ನಿಜವಾಗಿಯೂ ಆಗುತ್ತಾ ಅಂದರೆ, ಆಗುತ್ತದೆ. ನೆಟ್‌ಆ್ಯಪ್ ಕಂಪನಿಯ ಸ್ಟೋರೇಜ್‌ಗಳಲ್ಲಿದ್ದ 15.3 ಲಕ್ಷ ಡಿಸ್ಕ್‌ಗಳನ್ನು ಇಟ್ಟುಕೊಂಡು ಮಾಡಿದ ಎರಡು ಅಧ್ಯಯನಗಳಿವೆ. 2007ರಲ್ಲಿ ಬಂದದ್ದರ ಪ್ರಕಾರ 32 ತಿಂಗಳಲ್ಲಿ ನೂರಕ್ಕೆ 3.45ರಷ್ಟು ಡಿಸ್ಕ್‌ಗಳಲ್ಲಿ ಓದಲಾಗದ ಸೆಕ್ಟರ್ ಸಿಕ್ಕಿತ್ತು. 2008ರದ್ದು ಇನ್ನೂ ಕೆಟ್ಟ ಸುದ್ದಿ. 41 ತಿಂಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಸಲ, ಡೇಟಾದ ಜೊತೆ ಲೆಕ್ಕ ಹಾಕಿ ಇಟ್ಟ ಗುರುತಿನ ಸಂಖ್ಯೆ, ಅಂದರೆ ಚೆಕ್‌ಸಮ್ ತಾಳೆ ಆಗಿರಲಿಲ್ಲ. ಅಂದರೆ ಡಿಸ್ಕ್ "ಓದಿದೆ, ತಗೋ" ಅಂತ ಕೊಟ್ಟದ್ದೇ ತಪ್ಪು ಡೇಟಾ.

ಕೆಟ್ಟ ಸೆಕ್ಟರ್ ಹೊರಗೆ ಬರುವುದು ಸಾಮಾನ್ಯವಾಗಿ ಅತಿ ಕೆಟ್ಟ ಗಳಿಗೆಯಲ್ಲಿ. ಒಂದು ಡಿಸ್ಕ್ ಹೋದ ಮೇಲೆ ರೀಬಿಲ್ಡ್ ಉಳಿದ ಡಿಸ್ಕ್‌ಗಳನ್ನು ಮೊದಲಿಂದ ಕೊನೆತನಕ ಓದಲೇಬೇಕು. ರೈಡ್ 5ರಲ್ಲಿ ಆಗ ಕೈಯಲ್ಲಿ ಇನ್ನೊಂದು ಆಸರೆ ಇರುವುದಿಲ್ಲ. ಜೊತೆಗೆ ನಮ್ಮವರು ಎಸ್‌ಪಿ ರೋಡಿಗೆ ಹೋಗಿ ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ನಾಲ್ಕೂ ಡಿಸ್ಕ್ ತಂದಿರುತ್ತಾರೆ. ಒಂದೇ ಬ್ಯಾಚ್, ಒಂದೇ ವಯಸ್ಸು, ಒಂದೇ ಸೆಖೆ ತಿಂದವು. ಒಂದು ಮಲಗಿದರೆ ಉಳಿದವು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿವೆ ಅಂತ ನಂಬುವುದು ಹೇಗೆ?

ತಿಂಗಳ ಚೆಕ್ ಮಾಡುವುದು ಇದನ್ನೇ, ಆದರೆ ಎಲ್ಲಾ ಡಿಸ್ಕ್ ಬದುಕಿರುವಾಗ. ಎಲ್ಲವನ್ನೂ ಓದುತ್ತದೆ. ಎಲ್ಲಾದರೂ ಡಿಸ್ಕೇ "ಇದು ಓದಲಾಗುತ್ತಿಲ್ಲ" ಅಂದರೆ ಉಳಿದವುಗಳಿಂದ ಲೆಕ್ಕ ಹಾಕಿ ಅಲ್ಲಿಗೆ ಮತ್ತೆ ಬರೆಯುತ್ತದೆ. ಡಿಸ್ಕ್ ಬೇಕಾದರೆ ಆ ಸೆಕ್ಟರ್ ಬಿಟ್ಟು ಬೇರೆ ಜಾಗ ಕೊಡುತ್ತದೆ. ನಿಮಗೆ ಗೊತ್ತೂ ಆಗದ ಹಾಗೆ ಕೆಲಸ ಮುಗಿದಿರುತ್ತದೆ.

ಈಗ ಸ್ಲೋ ಆಗುವ ವಿಷಯ. ನಿಮ್ಮ ಸಿಟ್ಟು ಸುಳ್ಳಲ್ಲ, ಒಪ್ಪುತ್ತೇನೆ. ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಈ ಚೆಕ್ ತಿಂಗಳ ಮೊದಲ ಭಾನುವಾರ ಶುರುವಾಗುತ್ತದೆ, ಅಂದರೆ ಶನಿವಾರ ರಾತ್ರಿ ಕಳೆದು ಸುಮಾರು ಒಂದು ಗಂಟೆಗೆ. ಡಿಸ್ಕ್ ಸೆಕೆಂಡಿಗೆ 150 ಎಂಬಿ ಓದಿತು ಅಂದುಕೊಳ್ಳಿ. 8 ಟಿಬಿಗೆ 15 ಗಂಟೆ ಸಾಕು, ಭಾನುವಾರ ಸಂಜೆಗೆ ಮುಗಿದಿರುತ್ತದೆ. 18 ಟಿಬಿ ಆದರೆ 33 ಗಂಟೆ. ಮುಗಿಯುವುದು ಸೋಮವಾರ ಬೆಳಗ್ಗೆ 10ಕ್ಕೆ, ನೀವು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಬಂದು ಲಾಗಿನ್ ಮಾಡುವ ಹೊತ್ತಿಗೆ. ಬೇರೆ ಕೆಲಸವೂ ಜೊತೆಗೆ ಓಡಿದ್ದರೆ ಮಧ್ಯಾಹ್ನ ದಾಟುತ್ತದೆ. ಇದಕ್ಕೆ ಪರಿಹಾರ ಸ್ಪೀಡ್ ಮಿತಿ ಕಡಿಮೆ ಮಾಡುವುದು, ಇಲ್ಲ ರಾತ್ರಿ ಕೆಲವು ಗಂಟೆ ಓಡಿಸಿ ಮರುರಾತ್ರಿ ನಿಂತಲ್ಲಿಂದ ಮುಂದುವರಿಸುವುದು. ಎರಡಕ್ಕೂ ಲಿನಕ್ಸ್‌ನಲ್ಲಿ ದಾರಿ ಇದೆ.

ಚೆಕ್ ಮುಗಿದ ಮೇಲೆ ಒಂದು ಸಂಖ್ಯೆ ಸಿಗುತ್ತದೆ, ಮಿಸ್‌ಮ್ಯಾಚ್ ಕೌಂಟ್ ಅಂತ. ತಾಳೆ ಆಗದ ಜಾಗಗಳ ಲೆಕ್ಕ ಅದು. ಸೊನ್ನೆ ಇದ್ದರೆ ನಿದ್ದೆ ಮಾಡಬಹುದು. ಸೊನ್ನೆ ಇಲ್ಲದಿದ್ದರೆ ನಮ್ಮವರ ಕೈ ಮೊದಲು ಹೋಗುವುದು ರಿಪೇರ್ ಅನ್ನುವ ಆಯ್ಕೆಯ ಕಡೆಗೆ. ನನ್ನ ಪ್ರಕಾರ ಚೆಕ್ ನಿಲ್ಲಿಸುವುದಕ್ಕಿಂತ ಇದು ದೊಡ್ಡ ಅಪಾಯ. ರಿಪೇರ್ ಅನ್ನುವ ಹೆಸರು ಕೇಳಿ ಮೋಸ ಹೋಗಬೇಡಿ. ಲಿನಕ್ಸ್ ರೈಡ್ 1ರಲ್ಲಿ ಅದು ಒಂದು ಡಿಸ್ಕಿನದ್ದನ್ನು ಇನ್ನೊಂದಕ್ಕೆ ನಕಲು ಮಾಡುತ್ತದೆ. ಯಾವುದು ಸರಿ ಅಂತ ಅದಕ್ಕೆ ಗೊತ್ತಿಲ್ಲ. ರೈಡ್ 5ರಲ್ಲಿ ಡೇಟಾ ಸರಿಯಿದೆ ಅಂತಲೇ ಹಿಡಿದು ಪ್ಯಾರಿಟಿ ಮತ್ತೆ ಬರೆಯುತ್ತದೆ. ಕೆಟ್ಟದ್ದು ಡೇಟಾವೇ ಆಗಿದ್ದರೆ ಇದ್ದ ಒಂದೇ ಸಾಕ್ಷಿಯೂ ಹೋಯಿತು.

ಬಸವನಗುಡಿಯ ಆಡಿಟರ್ ಒಬ್ಬರಿಗೆ ಇದನ್ನು ಹೇಳಿದೆ. "ಸಾರ್, ಎರಡು ಲೆಡ್ಜರ್ ತಾಳೆ ಆಗಲಿಲ್ಲ ಅಂತ ಒಂದನ್ನು ಹರಿದು ಇನ್ನೊಂದರಿಂದ ಕಾಪಿ ಮಾಡಿಸ್ತೀರಾ?"

"ಹಾಗೆ ಮಾಡಿದ್ರೆ ನನ್ನ ಲೈಸೆನ್ಸ್ ಉಳಿಯುತ್ತೇನ್ರೀ!" ಅಂದರು. ಆಮೇಲೆ ಅವರು ಚೆಕ್ ಬಗ್ಗೆ ಗೊಣಗಿಲ್ಲ.

ಸಂಖ್ಯೆ ಸೊನ್ನೆ ಬರಲಿಲ್ಲ ಅಂದರೆ ನಾನು ಮೊದಲು ಬ್ಯಾಕಪ್ ಇದೆಯಾ, ಅದು ತೆರೆಯುತ್ತದೆಯಾ ನೋಡುತ್ತೇನೆ. (ರೈಡ್ ಇದೆ, ಬ್ಯಾಕಪ್ ಯಾಕೆ ಅನ್ನುವವರ ಜೊತೆ ವಾದ ಮಾಡುವುದು ಬಿಟ್ಟಿದ್ದೇನೆ.) ಆಮೇಲೆ ಡಿಸ್ಕ್‌ಗಳ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ), ಕೇಬಲ್, ಆಮೇಲೆ ಕರೆಂಟ್. ನಮ್ಮೂರಲ್ಲಿ ಏಪ್ರಿಲ್, ಮೇ ಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಗೊತ್ತೇ ಇದೆ ಅಲ್ವಾ? ಡೇಟಾ ಬರೆದಾಗಿ, ಪ್ಯಾರಿಟಿ ಬರೆಯುವ ಮೊದಲೇ ಪವರ್ ಹೋದರೆ ಎರಡೂ ಹೊಂದುವುದಿಲ್ಲ. ಯುಪಿಎಸ್ ಇದೆ ಅನ್ನುತ್ತಾರೆ. ಹೋಗಿ ನೋಡಿದರೆ ಅದರ ಬ್ಯಾಟರಿ ಊದಿಕೊಂಡು ಕೂತಿರುತ್ತದೆ. ಹಾಗಂತ ಪ್ರತಿ ಮಿಸ್‌ಮ್ಯಾಚ್‌ಗೂ ಗಾಬರಿಯಾಗಬೇಕಿಲ್ಲ. ರೈಡ್ 1ರ ಮೇಲೆ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇದ್ದರೆ ಏನೂ ಕೆಡದೆಯೂ ಸಂಖ್ಯೆ ಕಾಣಿಸಬಹುದು.

ಹೊಸದಾಗಿ ತಗೊಳ್ಳುವವರಿಗೆ ನಾನು ಡಿಸ್ಕ್‌ನಲ್ಲಿ ಫೈಲ್ ಇಡುವ ಇನ್ನೊಂದು ವ್ಯವಸ್ಥೆಯಾದ ಜ಼ಡ್‌ಎಫ್‌ಎಸ್ ಹೇಳುತ್ತೇನೆ. ಅದು ಪ್ರತಿ ಬ್ಲಾಕಿನ ಚೆಕ್‌ಸಮ್ ಬೇರೆ ಕಡೆ ಇಟ್ಟಿರುತ್ತದೆ. ಹಾಗಾಗಿ ಎರಡು ಪ್ರತಿ ಬೇರೆಯಾದಾಗ ಸರಿಯಾದದ್ದು ಯಾವುದು ಅಂತ ಅದಕ್ಕೆ ಗೊತ್ತಾಗುತ್ತದೆ. ಆದರೆ ಅಲ್ಲೂ ಸ್ಕ್ರಬ್, ಅಂದರೆ ಇಂಥದ್ದೇ ಚೆಕ್, ಓಡಿಸಲೇಬೇಕು. ಮುಟ್ಟದ ಫೈಲ್ ಅಲ್ಲೂ ಮುಟ್ಟದ ಫೈಲೇ.

ಕೊನೆಗೆ ಒಂದು ಕೆಲಸ ಇವತ್ತೇ ಮಾಡಿ. ನಿಮ್ಮ ಬಾಕ್ಸ್ ಎಚ್ಚರಿಕೆಯ ಮೇಲ್ ಕಳಿಸುವುದು ಯಾವ ವಿಳಾಸಕ್ಕೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ. ನಾನು ಹೊಸದಾಗಿ ಕೈಗೆ ತಗೊಳ್ಳುವ ಆಫೀಸುಗಳಲ್ಲಿ ಅದು ಎಷ್ಟೋ ಸಲ ಕೆಲಸ ಬಿಟ್ಟು ಹೋದ ಹುಡುಗನ ಐಡಿಯೇ ಆಗಿರುತ್ತದೆ.